ಅಮ್ಮನ ಕೈಯ ಎರಡನೆಯ ಮತಪತ್ರ

ಮಲಿಯಾನಾ, ಪೂರ್ವ ತಿಮೋರ್
2 ಸೆಪ್ಟೆಂಬರ್ 2001

ಪ್ರೀತಿಯ ತಂಗಿ ಒಲಾಂದಿನಾ,

ಗಡಿಯಾಚೆ ಅತಾಂಬುವಾದ ನಿರಾಶ್ರಿತರ ಶಿಬಿರದಲ್ಲಿ ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಗುರುವಾರ ಮತದಾನ ಮುಗಿಯಿತು. ನಮ್ಮ ರಾಜ್ಯಾಂಗ ಬರೆಯುವವರನ್ನು ನಾವೇ ಆರಿಸಿದೆವು. ಪೋರ್ಚುಗೀಸರು ನಮ್ಮನ್ನು ಕೇಳಲೇ ಇಲ್ಲ. ಇಂಡೋನೇಷ್ಯಾದವರು ಉತ್ತರವನ್ನು ತಾವೇ ಬರೆದುಕೊಂಡು ಆಮೇಲೆ ಕೇಳಿದರು. ಇದನ್ನೇ ನಾಲ್ಕು ತಿಂಗಳು ಊರೂರು ತಿರುಗಿ ಪಾಠ ಮಾಡಿದೆ. ಒಬ್ಬರ ಹೆಸರೂ ಮತದಾರರ ಪಟ್ಟಿಯಿಂದ ಬಿಟ್ಟುಹೋಗಬಾರದೆಂದು ಮೇಜು ಗುದ್ದಿದೆ.

ಅಮ್ಮ ನಸುಕಿಗೇ ಸಾಲಿನಲ್ಲಿ ನಿಂತಳು. ಪ್ರತಿಯೊಬ್ಬರಿಗೂ ಎರಡು ಮತಪತ್ರ: ಒಂದು ಜಿಲ್ಲೆಯ ಪ್ರತಿನಿಧಿಗೆ, ಇನ್ನೊಂದು ದೇಶಮಟ್ಟದ ಪಕ್ಷಗಳ ಪಟ್ಟಿಗೆ. ಎಷ್ಟು ಹೇಳಿಕೊಟ್ಟಿದ್ದರೂ ಅಮ್ಮ ಅಧಿಕಾರಿಯನ್ನು ಕೇಳಿದಳು, "ಒಂದು ನಂದು, ಇನ್ನೊಂದು ಮಗಳದ್ದು ಅಲ್ವೇನಪ್ಪ? ಅವಳು ಗಡಿಯಾಚೆ ಇದ್ದಾಳೆ."

"ಎರಡೂ ನಿಮ್ಮದೇ ಅಜ್ಜಿ."

"ಬಾಯಿ ಒಂದೇ ಇರೋಳಿಗೆ ಎರಡು ವೋಟು ಯಾಕಪ್ಪ?"

ಸಾಲೆಲ್ಲ ನಕ್ಕಿತು, ನಾನೂ ನಕ್ಕೆ. ಅಮ್ಮ ಒಂದಕ್ಕೆ ಗುರುತು ಹಾಕಿ, ಎರಡನೆಯದನ್ನು ಖಾಲಿಯಾಗಿಯೇ ಪೆಟ್ಟಿಗೆಗೆ ಹಾಕಿದಳಂತೆ. ಹೊರಗೆ ಬಂದು ಹೇಳಿದಳು: "ಅವಳ ಮನಸ್ಸಲ್ಲಿ ಯಾರಿದ್ದಾರೋ ಏನೋ. ಬರಲ್ಲ ಅಂದ್ಲು ನಿಜ, ಹಾಗಂತ ಅವಳ ಹೆಸರಲ್ಲಿ ನಾನು ಸುಳ್ಳು ಹೇಳಕ್ಕಾಗುತ್ತಾ?"

ಒಲಾಂದಿನಾ, ಬರುವುದಿಲ್ಲ ಎಂದು ನೀನು ಎಂದೂ ಅನ್ನಲಿಲ್ಲ. ಹೆಸರು ನೋಂದಾಯಿಸುವ ಗಡುವಿನೊಳಗೆ ಬರಬಹುದೇ, ಊರು ಒಪ್ಪೀತೇ ಎಂದು ಏಪ್ರಿಲ್‌ನಲ್ಲಿ ನೀನು ಕಾಗದ ಬರೆದು ಕೇಳಿದ್ದೆ. ಜೀವಕ್ಕೆ ಅಪಾಯ, ಬರಬೇಡ ಎಂದು ನಾನು ಬರೆದೆ. ಅಷ್ಟರಲ್ಲಾಗಲೇ ಹಿರಿಯರು ಸಂಧಾನದ ಚಾಪೆ ಹಾಸಿ, ಎಲೆ ಅಡಿಕೆ ಇಟ್ಟು, ನಿನ್ನ ಹೆಸರೆತ್ತಿದ್ದರು. ಎರಡು ವರ್ಷದ ಹಿಂದೆ ಸ್ವಾತಂತ್ರ್ಯ ಬೇಡವೆಂದವರು ಊರು ಸುಟ್ಟ ಗಲಭೆಯಲ್ಲಿ ಗಂಡನನ್ನು ಕಳೆದುಕೊಂಡ ಅಪೊಲೋನಿಯಾಳೇ, "ಕರೆಸಿ ಮೇಷ್ಟ್ರೇ. ಬೆಂಕಿ ಇಟ್ಟೋನು ಅವಳ ಗಂಡ, ಅವಳೇನು ಸೀಮೆಎಣ್ಣೆ ಹೊತ್ತಿದ್ಲಾ?" ಎಂದಳು. ತವರಿನವರು ಕರೆಯದೆ ಯಾರೂ ಆ ಚಾಪೆಯ ಮೇಲೆ ಕೂರುವಂತಿಲ್ಲ. ನಾನು ಕರೆಯಲಿಲ್ಲ. ನೀನೇ ಒಲ್ಲೆ ಎಂದೆಯೆಂದು ಊರವರಿಗೂ ಅಮ್ಮನಿಗೂ ಹೇಳಿಬಿಟ್ಟೆ.

ನಿನ್ನ ಗಂಡ ಜುಸ್ತೀನೋ ಹಚ್ಚಿದ ಬೆಂಕಿಯಲ್ಲಿ ನನ್ನ ಶಾಲೆ ಹೋಯಿತು, ಮೂವತ್ತು ವರ್ಷ ಕೂಡಿಟ್ಟ ಪುಸ್ತಕಗಳು ಹೋದವು. ಅವನು ಕೈಗೆ ಸಿಗಲಿಲ್ಲ, ನೀನು ಸಿಕ್ಕೆ. ಗಂಡನನ್ನು ಕಳೆದುಕೊಂಡವಳು ಸಿಟ್ಟು ಬಿಟ್ಟಳು, ಪುಸ್ತಕ ಕಳೆದುಕೊಂಡವನು ಬಿಡಲಿಲ್ಲ.

ನಿನ್ನ ವೋಟನ್ನು ವಾಪಸು ಕೊಡಲಾರೆ. ಊರಿಗೆ ಬಾ. ಯಾವ ದಿನವೆಂದು ಬರೆ, ಗಡಿಯಲ್ಲಿ ನಾನೇ ನಿಂತಿರುತ್ತೇನೆ. ಎಲ್ಲರೆದುರು ನಿಜ ಹೇಳುತ್ತೇನೆ.

ನಿನ್ನ ಅಣ್ಣನೆನ್ನಿಸಿಕೊಂಡ
ಅಗಾಪಿತೋ

ತಾ.ಕ.: ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ, ಏಪ್ರಿಲ್‌ನ ಸಂಗತಿಯೊಂದನ್ನು ಬಿಟ್ಟು. "ಬೆಳಿಗ್ಗೆಯಿಂದ ಕೂತು ಬರೆದಿದ್ದು ಇಷ್ಟೇನಾ?" ಎಂದು ಕೇಳಿದಳು. ಇಷ್ಟೇ ಎಂದೆ.