ಇಂಜಿನ್ನಿನೊಳಗೊಂದು ರೇಷ್ಮೆ ಹುರಿ

ಅಕ್ಟೋಬರ್ 6, ಭಾನುವಾರ. ಬೆಳಿಗ್ಗೆ 7

ಇವತ್ತೂ ಕಾರಿನ ಕೆಳಗಿನ ರಟ್ಟು ಬದಲಾಯಿಸಿದೆ. ಹತ್ತು ನಿಮಿಷ ಇಂಜಿನ್ ಓಡಿಸಿದ್ರೆ ಅಂಗೈ ಅಗಲ ಆಯಿಲ್. ಮುಂದ್ಗಡೆ, ಪುಲ್ಲಿ ಹಿಂದಿಂದ ತೊಟ್ಟಿಕ್ತಿದೆ.

ಅಪ್ಪ ಹೋಗಿ ಆರು ವರ್ಷ. ಅವತ್ತಿಂದ ಗಾಡಿ ರೇಷ್ಮೆ ಸಾಕೋ ಹುಳುಮನೆ ಮೂಲೇಲಿ ಟಾರ್ಪಾಲ್ ಹೊದ್ದು ನಿಂತಿತ್ತು. 1962ರ ಇಂಗ್ಲಿಷ್ ಸ್ಪೋರ್ಟ್ಸ್ ಕಾರು, ಎರಡೇ ಸೀಟು, ಬಟ್ಟೆ ಟಾಪು. ಚಿಕ್ಕಬಳ್ಳಾಪುರದ ಡಾಕ್ಟರ ಹತ್ರ ಅಪ್ಪ ಮೂವತ್ತು ವರ್ಷ ಡ್ರೈವರ್ರು. ತಾವು ಸಾಯೋ ಮುಂಚೆ ಡಾಕ್ಟರೇ ಕೀ ಅಪ್ಪನ ಕೈಗಿಟ್ರಂತೆ.

18ಕ್ಕೆ ನನ್ನ ಹೆಂಡ್ತಿ ತನುಜ ರೇಷ್ಮೆ ಮರಿಹುಳು ತರಿಸ್ತಾಳೆ. ಹುಳಕ್ಕೆ ಆಯಿಲ್ ವಾಸನೆ ಆಗಲ್ಲ. ಗಾಡಿ ಆಚೆ ಹೋಗಲೇಬೇಕು. ಇರೋದು ಮನೆ ಮುಂದಿನ ಜಾಗ ಒಂದೇ — ಸೋರೋ ಗಾಡಿ ರಂಗೋಲಿ ಬಿಡೋ ಕಡೆ ಬೇಡ ಅಂದಿದಾಳೆ. ಸೋರೋದು ನಿಲ್ಲದಿದ್ರೆ ಅವಳ ಚಿಕ್ಕಪ್ಪನ ಮಗ ಸಿದ್ಧಾರ್ಥ್ 17ಕ್ಕೆ ಬಂದು ಗುಜರಿಗೆ ಎಳ್ಕೊಂಡು ಹೋಗ್ತಾನೆ. ಒಪ್ಪಿದೀನಿ. ಐಟಿಐನಲ್ಲಿ ಹದಿನೈದು ವರ್ಷದಿಂದ ಫಿಟ್ಟರ್ ಪಾಠ ಹೇಳೋನು. ಒಂದು ಲೀಕ್ ನಿಲ್ಲಿಸಕ್ಕಾಗಲ್ವಾ?

ಅಕ್ಟೋಬರ್ 9, ಬುಧವಾರ. ಸಂಜೆ

ರೇಡಿಯೇಟರ್ ಇಳಿಸಿದೆ. ಪುಲ್ಲಿ ಬಿಚ್ಚಕ್ಕೇ ಎರಡು ಗಂಟೆ, ಬೆರಳು ಜಜ್ಜಿಹೋಯ್ತು. ಒಳಗಿನ ಮುಚ್ಚಳ ತೆಗೆದ್ರೆ... ಆಯಿಲ್ ತಡೆಯೋ ಸೀಲ್ ಇರಬೇಕಾದ ಕಡೆ ದಾರ! ಕರ್ರಗೆ, ಹಗ್ಗದ ಥರ ಹೊಸೆದು ತುರುಕಿದಾರೆ.

ಯಾವ ತಿಕ್ಕಲು ಮೆಕ್ಯಾನಿಕ್ ಮಾಡಿದ ಕೆಲಸವೋ. ಬಾಯಿಗೆ ಬಂದಂಗೆ ಬೈದೆ. ಕಿತ್ತು ತಿಪ್ಪೆಗೆ ಎಸೆದೆ. ಬೆಂಗಳೂರಿಗೆ ಫೋನ್ ಮಾಡಿ ರಬ್ಬರ್ ಸೀಲ್ ಕಳಿಸಕ್ಕೆ ಹೇಳಿದೆ.

ಅಕ್ಟೋಬರ್ 11. ಆಯುಧಪೂಜೆ

ಸ್ಕೂಟರ್, ಟಿಲ್ಲರ್, ಕುಡುಗೋಲು, ಎಲ್ಲಕ್ಕೂ ಪೂಜೆ. ಬಿಚ್ಚಿಟ್ಟ ಪುಲ್ಲಿಗೂ ಅಮ್ಮ ಕುಂಕುಮ ಇಟ್ಲು. ಒಳಗಿದ್ದ ದಾರ ಎಲ್ಲಿ ಅಂತ ಕೇಳಿದ್ಲು. ತಿಪ್ಪೇಲಿ ಅಂದೆ. ಹೋಳಿಗೆ ಅರ್ಧ ಬಿಟ್ಟು ಎದ್ದುಹೋದ್ಲು. ದಾರದ ವಿಷಯ ಇವಳಿಗೆ ಹೇಗೆ ಗೊತ್ತು?

ಅಕ್ಟೋಬರ್ 13, ಭಾನುವಾರ

ರಬ್ಬರ್ ಸೀಲ್ ಹಾಕಿದೆ. ಸ್ಟಾರ್ಟ್ ಮಾಡಿದೆ. ಮೊದಲಿಗಿಂತ ಕಡೆ ಆಯ್ತು. ಆಗ ತೊಟ್ಟು, ಈಗ ಧಾರೆ.

ಮತ್ತೆ ಪುಲ್ಲಿ ಬಿಚ್ಚಿ, ತಲೆ ಹಿಡ್ಕೊಂಡು ಕೂತಿದ್ದೆ. ಅಮ್ಮ ಟೀ ತಂದು ಪಕ್ಕದಲ್ಲೇ ಕೂತ್ಲು. ನಿಮ್ಮಪ್ಪನೂ ಹಿಂಗೇ ಕೂತಿದ್ದ ಅಂದ್ಲು. 91ನೇ ಇಸವಿ, ಈ ಗಾಡಿ ಸಾಮಾನು ಎಲ್ಲೂ ಸಿಗ್ಲಿಲ್ಲ. ಅಮ್ಮ ಆಗ ಶಿಡ್ಲಘಟ್ಟದ ಫಿಲೇಚರ್‌ನಲ್ಲಿ ರೇಷ್ಮೆಗೂಡಿಂದ ನೂಲು ಬಿಚ್ಚೋ ಕೆಲಸಕ್ಕೆ ಹೋಗ್ತಿದ್ಲು. ಮಿಕ್ಕ ರೇಷ್ಮೆ ಕೇಳಿ ತಂದು, ಹುರಿ ಹೊಸೆದು, ಹರಳೆಣ್ಣೇಲಿ ನೆನೆಹಾಕಿ ಕೊಟ್ಟಳಂತೆ.

ಆ ತಿಕ್ಕಲು ಮೆಕ್ಯಾನಿಕ್ ನಮ್ಮಮ್ಮ!

ಪುಲ್ಲಿ ಕೈಗೆ ತಗೊಂಡು ಉಗುರಲ್ಲಿ ಗೀರಿ ತೋರಿಸಿದ್ಲು. ಸೀಲ್ ತಾಗೋ ಕಡೆ ಸುತ್ತಲೂ ಸಣ್ಣ ಗೆರೆ ಸವೆದಿದೆ. ನನ್ನ ಕಣ್ಣಿಗೆ ಬಿದ್ದೇ ಇರ್ಲಿಲ್ಲ.

"ದಾರ ಸವೆದ ಕಡೆ ತಾನೇ ಹೋಗಿ ಕೂರ್ತದೆ ನಾಯನಾ. ರಬ್ಬರ್‌ಗೆ ಆ ಬುದ್ಧಿ ಇಲ್ಲ."

ಓಡಿಹೋಗಿ ತಿಪ್ಪೆ ಕೆದಕಿದೆ. ಸಿಕ್ತು. ಪೆಟ್ರೋಲ್‌ನಲ್ಲಿ ತೊಳೆದೆ. ಮಸಿ ಬಿಟ್ಟ ಮೇಲೆ ಒಳಗೆ ಹೊಳಪು ಹಂಗೇ ಇದೆ. ಮೂವತ್ಮೂರು ವರ್ಷ. ಆ ಬಿಸಿ, ಆ ಸುತ್ತು... ಒಂದು ಎಳೇನೂ ಕಿತ್ತುಹೋಗಿಲ್ಲ. ಆರು ವರ್ಷ ನಿಂತಲ್ಲೇ ನಿಂತು ಒಣಗಿತ್ತು, ಅಷ್ಟೆ. ಕ್ಷಮಿಸಮ್ಮ ಅನ್ನಕ್ಕೂ ಬಾಯಿ ಬರ್ಲಿಲ್ಲ.

ಅಕ್ಟೋಬರ್ 15, ಮಂಗಳವಾರ

ರಜೆ ಹಾಕಿದೆ. ಅಮ್ಮ ಜಗಲಿ ಮೇಲೆ ಕೂತು ಹೊಸ ಹುರಿ ಹೊಸೆದ್ಲು. ಎಡಗಣ್ಣಿಗೆ ಪೊರೆ ಬಂದಿದೆ, ಹುರಿ ಕಡೆ ನೋಡೋದೇ ಇಲ್ಲ. ಮೊಣಕಾಲ ಮೇಲೆ ಎಳೆ ಇಟ್ಟು ಅಂಗೈಲಿ ತೀಡ್ತಾಳೆ. ಮಧ್ಯೆ ತನುಜ ಜೊತೆ ಹುಳದ ಸೊಪ್ಪಿನ ಮಾತು, ಪಕ್ಕದ್ಮನೆ ಆಂಜಿನಮ್ಮನ ಸೊಸೆ ಮಾತು. ಕೈ ಮಾತ್ರ ನಿಲ್ಲಲ್ಲ.

ಕಳ್ಳನ ಥರ ವರ್ನಿಯರ್ ತಂದು ಅಳೆದೆ. ಈ ತುದಿ 6.2 ಮಿಲಿಮೀಟರ್. ನಡುವೆ 6.2. ಆ ತುದಿ 6.2.

ಮತ್ತೆ ಅಳೆದೆ. ಅಷ್ಟೇ. ಲೇತ್ ಮೇಲೆ ನಾನೇ ನಿಂತ್ರೂ ಒಂದೊಂದ್ಸಲ ಹೀಗೆ ಬರಲ್ಲ. ಈ ಹೆಂಗಸಿನ ಕೈಯಲ್ಲಿ ನಲವತ್ತೈದು ವರ್ಷದಿಂದ ಮುದ್ದೆ ತಿಂತಾ ಇದೀನಿ. ಒಂದು ದಿನವಾದ್ರೂ ಈ ಕೈ ನೋಡಿದ್ನಾ?

ಅಕ್ಟೋಬರ್ 17, ಗುರುವಾರ. ಬೆಳಿಗ್ಗೆ 8.30

ಹೊಸ ಹುರಿ ಕೂರಿಸಿ ನಿನ್ನೆ ಎಲ್ಲ ಜೋಡಿಸಿದ್ದೆ. ಆರಕ್ಕೆ ಸ್ಟಾರ್ಟ್ ಮಾಡಿದೆ. ನಲವತ್ತು ನಿಮಿಷ ಓಡಿಸಿದೆ. ರಟ್ಟು ಒಣಗೇ ಇದೆ. ಬೆಳ್ಳಗೆ.

ತನುಜ ಬಗ್ಗಿ ಇಂಜಿನ್ ಕೆಳಗೆ ಬೆರಳಾಡಿಸಿದ್ಲು. ಬೆರಳು ನೋಡ್ಕೊಂಡ್ಲು. ರಂಗೋಲಿ ಒಂಚೂರು ಪಕ್ಕಕ್ಕೆ ಬಿಡ್ತೀನಿ ಬಿಡಿ ಅಂದು, ಸಿದ್ಧಾರ್ಥ್‌ಗೆ ಬರಬೇಡ ಅಂತ ಅವಳೇ ಫೋನ್ ಮಾಡಿದ್ಲು.

ಒಂದು ರೌಂಡ್ ಸಾದಲಿವರೆಗೆ ಹೋಗಿ ಬರೋಣ ಬಾ ಅಂತ ಅಮ್ಮನ್ನ ಕರೆದೆ. ಬಾಗಿಲು ಮುಟ್ಟಿದ್ಲು, ಹತ್ತಲಿಲ್ಲ.

"ನಿಮ್ಮಪ್ಪ ಒಂದಿನಾನೂ ಕೂರಿಸಲಿಲ್ಲ ಕಣಪ್ಪ. ಯಜಮಾನರ ಗಾಡಿ, ನಾವು ಕೂರಬಾರದು ಅಂತಿದ್ದ. ಕೀ ಕೈಗೆ ಬಂದ ಮೇಲೂ."

ಈ ಗಾಡಿ ಓಡ್ತಿರೋದೇ ನಿನ್ನಿಂದ ಅಂದೆ. ಇದನ್ನಾದ್ರೂ ಬಾಯಿಬಿಟ್ಟು ಹೇಳಿದೆ. ಸೆರಗಲ್ಲಿ ಮುಖ ಒರೆಸ್ಕೊಂಡ್ಲು.

ಲೈಸೆನ್ಸ್ ತಗೊಳ್ಳಕ್ಕೆ ಒಳಗೆ ಬಂದೆ. ಕಿಟಕಿಯಿಂದ ಕಾಣ್ತಿದೆ. ಹತ್ತಿ ಕೂತಿದಾಳೆ, ಬೆನ್ನು ಸೀಟಿಗೆ ತಾಗಿಸಿಲ್ಲ. ಚಪ್ಪಲಿ ಕೆಳಗೆ ಬಿಟ್ಟು ಕೂತಿದಾಳೆ, ಮಣ್ಣಲ್ಲಿ ಜೋಡಿಸಿಟ್ಟು. ಮೊದಲು ಅದನ್ನ ಎತ್ತಿ ಒಳಗಿಡಬೇಕು. ಹಾರ್ನ್ ಹೊಡೀತಿದಾಳೆ —