ತುಳು ತುಟಿ

೧೪ ಜುಲೈ ೧೯೫೮, ಸೋಮವಾರ

"ಇವಳಿಗೆ ಕಿವಿಯೂ ಕೇಳುವುದಿಲ್ಲ, ತುಟಿ ನೋಡಿಯೂ ತಿಳಿಯುವುದಿಲ್ಲ ಮಾರಾಯ್ತಿ. ನಾಳೆಯಿಂದ ಕರಕೊಂಡು ಬರುವುದು ಬೇಡ." ತಂಗಿ ಲೋಲಾಕ್ಷಿಯ ವಿಷಯದಲ್ಲಿ ಪದ್ಮಯ್ಯ ಮಾಸ್ಟ್ರು ಇವತ್ತು ಹೀಗೆ ಹೇಳಿಯೇಬಿಟ್ಟರು. ನಾನು ಐದನೆಯ ಕ್ಲಾಸು ಬಿಟ್ಟು ಆರು ವರ್ಷವಾದರೂ ಅವರ ಎದುರು ಮಾತು ಹೊರಡುವುದಿಲ್ಲ. ಅವಳು ಸ್ಲೇಟನ್ನು ಎದೆಗೊತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಹೇಗೋ ಹೇಳಿದೆ.

"ನೀವು ಕನ್ನಡ ಮಾತಾಡ್ತೀರಿ ಮಾಸ್ಟ್ರೇ. ಅವಳಿಗೆ ಮನೆಯ ತುಳು ತುಟಿ ಮಾತ್ರ ಗೊತ್ತುಂಟು."

ಕ್ಲಾಸಿನಲ್ಲಿ ತುಳು ಆಡಿದವರಿಗೆ ಬೆತ್ತ ತೋರಿಸುವವರು ಅದನ್ನು ಮೇಜಿನ ಮೇಲಿಟ್ಟರು. ಮತ್ತೆ ಅವಳೆದುರು ಬಗ್ಗಿ, "ಇಂಚಿ ಬಲ ಮಗಾ" ಅಂದರು. ಲೋಲಾಕ್ಷಿ ನೇರ ಅವರ ಹತ್ತಿರ ಹೋಗಿ ನಿಂತಳು.

"ಮಾಸ್ಟ್ರು ತುಳು ಮಾತಾಡಿದ್ರು!" ಎಂದು ಮಕ್ಕಳೆಲ್ಲ ಕೂಗಿದರು. ಮಾಸ್ಟ್ರಿಗೂ ನಗು ಬಂತು.

"ನಾಳೆಯೂ ಬರಲಿ. ಕನ್ನಡದ ತುಟಿ ಮನೆಯಲ್ಲಿ ನೀನು ಕಲಿಸು."

ಕನ್ನಡ ಮಾತಾಡಲು ನನಗೇ ನಾಚಿಕೆ. ಆದರೂ ರಾತ್ರಿ ಮನೆಯಲ್ಲಿ ಚಿಮಿಣಿ ದೀಪವನ್ನು ಮುಖದ ಹತ್ತಿರ ಹಿಡಿದು "ಬಾ" ಎಂದೆ. ಎಷ್ಟೋ ಸಲ ಎಂದೆ. ಕೊನೆಗೆ ಬಂದಳು. ಬಂದವಳು ನನ್ನ ತೊಡೆಯ ಮೇಲೆಯೇ ನಿದ್ದೆ ಹೋಗಿದ್ದಾಳೆ.

"ಹೋಗು" ಎಂಬುದನ್ನೂ ಕಲಿಸಬೇಕಿತ್ತು. ಇವತ್ತು ಮನಸ್ಸು ಬರಲಿಲ್ಲ.