ಮಡಚುವ ಏಣಿಯ ಹಗ್ಗ

ಮಾರ್ಚ್ 3
ದೊಡ್ಡ ಮನೆಯ ಹಾಲ್‌ಗೆ ಬಣ್ಣದ ಎರಡನೇ ಕೋಟು ಬಳಿದಾಯಿತು. ನೆಲಕ್ಕೆ ಒಂದು ಹನಿಯೂ ಬಿದ್ದಿಲ್ಲ. ಇಪ್ಪತ್ತೆರಡು ವರ್ಷದಿಂದ ಹೀಗೇ — ನಾನು ಏಣಿಯ ಮೇಲೆ, ಜೊತೆಗಾರ ಮೋಟು ಕೆಳಗೆ ಏಣಿ ಹಿಡಿದು. ಐದಕ್ಕೆ ಅವನು ಹೊರಟ.
ನಮ್ಮ ಮನೆ ಮುಂದೆ ಬೀದಿ ಮಕ್ಕಳು ಬರೆದ ಕುಂಟೆಬಿಲ್ಲೆ ಚೌಕ. ತಂಗಿ ಕೆಣಕಿದಳು. ಐವತ್ತೊಂದರ ವಯಸ್ಸಲ್ಲಿ ಪ್ಯಾಂಟು ಮಡಚಿ ಇಳಿದೆ. ಐದನೇ ಮನೆವರೆಗೂ ರಾಜನ ಹಾಗೆ. ತಿರುಗುವಾಗ ಪಾದ ನೆಲಕ್ಕೆ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು. ಮಂಡಿಯೊಳಗೆ 'ಟಕ್'. ತಂಗಿಗೂ ಕೇಳಿಸಿತಂತೆ.
ಈಗ ಮಂಡಿ ಕುಂಬಳಕಾಯಿ. ಯಾರಿಗೂ ಹೇಳಬಾರದೆಂದು ತಂಗಿಯಿಂದ ಆಣೆ ಹಾಕಿಸಿಕೊಂಡೆ.

ಮಾರ್ಚ್ 5
ಡಾಕ್ಟರಿಗೂ ಮೇಸ್ತ್ರಿಗೂ ಒಂದೇ ಕಥೆ: ಮೋಟು ಹೋದ ಮೇಲೆ ಒಂದು ಮೂಲೆ ಬಾಕಿ ಇತ್ತು, ಒಬ್ಬನೇ ಹತ್ತಿದೆ, ಬಿದ್ದೆ. ಏಣಿಯಿಂದ ಬಿದ್ದರೆ ಅದಕ್ಕೊಂದು ಮರ್ಯಾದೆ.
ಎಕ್ಸ್-ರೇಯಲ್ಲಿ ಮೂಳೆ ಗಟ್ಟಿ. ಪೆಟ್ಟು, ಉಳುಕು, ಮೂರು ವಾರ ರೆಸ್ಟ್. ನನ್ನ ಮೂಳೆ ನೋಡಿ ಡಾಕ್ಟರೇ ಬೆರಗಾದರು... ನನಗಂತೂ ಹಾಗೆ ಕಂಡಿತು.

ಮಾರ್ಚ್ 8
ಮೋಟು ಬಂದ. ಮುಖ ಸಪ್ಪೆ. ಬೇಗ ಹೊರಟಿದ್ದಕ್ಕೆ ಮೇಸ್ತ್ರಿ ಅವನನ್ನು ಏಣಿ ಕೆಲಸದಿಂದ ತೆಗೆದು ಗೋಡೆ ಉಜ್ಜಲು ಹಾಕಿದ್ದಾನೆ. "ಹತ್ತು ನಿಮಿಷ ನಿಂತಿದ್ರೆ ನೀನು ಬೀಳ್ತಿರ್ಲಿಲ್ಲ ಕಣೋ."
ಬಾಯಿ ತೆರೆದೆ. ಮುಚ್ಚಿದೆ. ಹುಟ್ಟಿದಾಗಿನಿಂದ ಬಾಯಿ ಮುಚ್ಚಿದ್ದು ಇದೇ ಮೊದಲು, ಅದೂ ಮುಚ್ಚಬಾರದ ಜಾಗದಲ್ಲಿ.

ಏಪ್ರಿಲ್ 9
ಊತ ಇಳಿದಿತ್ತು, ಗೆದ್ದೆ ಅಂದುಕೊಂಡಿದ್ದೆ. ಮೆಟ್ಟಿಲು ಇಳಿಯುವಾಗ ಮಂಡಿ ಸರಕ್ಕನೆ ಜಾರಿತು. ಈ ವಾರ ಮೂರನೇ ಸಲ. ಕಾಲು ಕೈಕೊಡುವುದು ಅಂದರೆ ಇದೇ.

ಏಪ್ರಿಲ್ 11
ಡಾಕ್ಟರು ಮಂಡಿ ಮಡಚಿಸಿ ಕೆಳಗಾಲನ್ನು ಮುಂದಕ್ಕೆ ಎಳೆದರು. ಮೇಜಿನ ಡ್ರಾಯರ್‌ನಂತೆ ಬಂತು. ನಿಜಕ್ಕೂ ಏಣಿಯಿಂದ ಬಿದ್ದಿರಾ ಎಂದರು. ನಾನು ಗೋಡೆ ನೋಡುತ್ತಿದ್ದೆ — ಹಾಳು ಕೆಲಸ, ಬ್ರಷ್ಷಿನ ಗೆರೆ ಹಾಗೇ ಕಾಣುತ್ತದೆ. ತಂಗಿ ಆಣೆ ಮುರಿದಳು. ತಿರುಚಿದ್ದು, 'ಟಕ್' ಅಂದಿದ್ದು ಅವತ್ತೇ ಹೇಳಿದ್ದರೆ ಡಾಕ್ಟರಿಗೆ ಅವತ್ತೇ ಅನುಮಾನ ಬರುತ್ತಿತ್ತಂತೆ.

ಏಪ್ರಿಲ್ 15
ಎಂಆರ್‌ಐ ಬಂತು. ಮಂಡಿಯೊಳಗಿನ ಲಿಗಮೆಂಟ್ ಪೂರ್ತಿ ಹರಿದಿದೆ. ನರವಲ್ಲ, ಎರಡು ಮೂಳೆಗಳನ್ನು ಹಿಡಿದಿಡುವ ಹಗ್ಗದಂಥದ್ದು ಎಂದರು. ಥಟ್ಟನೆ ಹೊಳೆಯಿತು — ಮಡಚುವ ಏಣಿಯ ಎರಡು ಕಾಲಿಗೆ ಕಟ್ಟುವ ಹಗ್ಗ! ಹರಿದರೂ ಏಣಿ ನಿಂತಿರುತ್ತದೆ. ಹತ್ತಿದರೆ ತಾನೇ ಗೊತ್ತಾಗುವುದು.

ಮೇ 8
ಆಪರೇಷನ್ ಆಗಿ ಎರಡು ದಿನ. ತೊಡೆಯ ಹಿಂದಿನಿಂದ ಎಳೆ ತೆಗೆದು ಹೊಸ ಹಗ್ಗ ಕಟ್ಟಿದ್ದಾರೆ. ಕಾಲೆತ್ತಿ ಅಂದರು. ಎದ್ದದ್ದು ಹುಬ್ಬು ಮಾತ್ರ.

ಜುಲೈ 20
ಫಿಜಿಯೋ ಹುಡುಗಿಯ "ಅಂಕಲ್, ಇನ್ನೊಂದು ಹತ್ತು" ಮುಗಿಯುವುದೇ ಇಲ್ಲ. ತೊಡೆ ಸೊರಗಿ ಬ್ರಷ್ಷಿನ ಹಿಡಿಯಾಗಿದೆ. ಏಣಿ ಯಾವಾಗ ಅಂದರೆ ಆಪರೇಷನ್ ಆಗಿ ಏಳು ತಿಂಗಳಾದರೂ ಆಗಬೇಕು, ಆಮೇಲೆ ಪರೀಕ್ಷೆ ಅಂತೆ. ಪರೀಕ್ಷೆಗೆ ಹೆದರಿಯೇ ಏಳನೇ ಕ್ಲಾಸು ಬಿಟ್ಟವನು ನಾನು.
ಮೋಟುವೇ ಸ್ಕೂಟರಿನಲ್ಲಿ ಕರೆತರುತ್ತಾನೆ. ಮಾಡಿದ ತಪ್ಪಿಗೆ ಅಷ್ಟಾದರೂ ಬೇಡವಾ ಅನ್ನುತ್ತಾನೆ. ಅವನ ಉಗುರಿನ ತುಂಬ ಗೋಡೆಯ ಪುಡಿ.

ಡಿಸೆಂಬರ್ 28
ಪರೀಕ್ಷೆ. ನೆಲದ ಮೇಲೆ ಸೀಮೆಸುಣ್ಣದ ಗೆರೆ. ಒಂಟಿಗಾಲಲ್ಲಿ ಹಾರಿ ಅದೇ ಕಾಲಲ್ಲಿ ನಿಲ್ಲಬೇಕು. ಒಳ್ಳೆ ಕಾಲು ನೂರಹನ್ನೆರಡು ಸೆಂಟಿಮೀಟರ್. ರಿಪೇರಿ ಕಾಲು ಎಂಬತ್ತು, ನೂರೊಂದಾದರೂ ಬೇಕಿತ್ತು. ಫೇಲ್.
ಮೋಟು ಸಮಾಧಾನ ಹೇಳಿದ. ರೋಷ ಉಕ್ಕಿತು. "ಕುಂಟೆಬಿಲ್ಲೇಲಿ ನಾನು ಸೋತಿದ್ದು ಒಂದೇ ಸಲ ಕಣೋ, ಮಂಡಿ ಹೋದ ದಿನ."
ಅಂದುಬಿಟ್ಟೆ.
ಅವನು ಸ್ಕೂಟರಿನ ಕೀ ಕೈಗೆತ್ತಿಕೊಂಡ. "ಹತ್ತು ತಿಂಗಳು ಗೋಡೆ ಉಜ್ಜಿದೀನಿ." ಹೋದ.

ಜನವರಿ 3
ಮೇಸ್ತ್ರಿಗೆ ಎಲ್ಲ ಹೇಳಿ ಬಂದೆ. ಬಿದ್ದು ಬಿದ್ದು ನಕ್ಕ. ಇನ್ನು ಬೀದಿಗೆಲ್ಲ ಗೊತ್ತು. ನಗಲಿ. ಮೋಟು ಮಾತ್ರ ಬಾಗಿಲು ತೆಗೆಯಲಿಲ್ಲ.

ಫೆಬ್ರವರಿ 6
ಮತ್ತೆ ಪರೀಕ್ಷೆ. ನೂರನಾಲ್ಕು. ಪಾಸ್. ಯಾರ ಮುಂದೆಯೂ ಕೊಚ್ಚಿಕೊಳ್ಳಲಿಲ್ಲ. ಏಣಿ ಹತ್ತಬಹುದು, ಕೆಳಗೆ ಒಬ್ಬರು ಹಿಡಿದಿರಬೇಕು — ಹಾಗಂತ ಚೀಟಿಯಲ್ಲಿ ಬರೆದಿದೆ. ಯಾರು?

ಫೆಬ್ರವರಿ 9, ಬೆಳಗ್ಗೆ 7
ಇಂದಿನಿಂದ ಕೆಲಸ. ಹೊರಗೆ ಏಣಿ ಒರಗಿಸಿದ ಸದ್ದು. ತಂಗಿಯನ್ನು ಯಾರೋ ಕೇಳುತ್ತಿದ್ದಾರೆ — "ಕುಂಟೆಬಿಲ್ಲೆ ಚಾಂಪಿಯನ್ನು ಎದ್ದಿದಾನೇನಮ್ಮಾ? ಏಣಿಗೆ ಹೊಸ ಹಗ್ಗ ಕಟ್ಟಿದೀನಿ ಅಂತ ಹೇಳು."
ಅವನೇ. ಪೆನ್ನು ಇಟ್ಟು ಓಡಿಹೋಗಿ... ಓಡಬಾರದು ಅಂದಿದ್ದಾಳೆ ಆ ಫಿಜಿಯೋ ಹುಡುಗಿ, ಆದರೂ